ಎಡಗಡೆಯ ಬ್ರೇಕ್ ಹೋಸ್

ನನ್ನ ಅಕ್ಕ ಲೆಂಪಿ ವಾರಕ್ಕೆ ನಾಲ್ಕು ದಿನ ಸರೋವರದ ದಂಡೆಯ ನಮ್ಮೂರು ಡುಲೂತ್‌ನ ಗುಡ್ಡದ ಬೀದಿಗಳಲ್ಲಿ ಊಟದ ಡಬ್ಬಿ ಹಂಚುತ್ತಾಳೆ. ಹನ್ನೊಂದಕ್ಕೆ ಚರ್ಚಿನ ಅಡುಗೆಮನೆಯಿಂದ ಹೊರಟರೆ ಒಂದೂವರೆಯೊಳಗೆ ಹದಿನೆಂಟು ಮನೆ ಮುಗಿಯಬೇಕು. ಎಲ್ಲರೂ ಮನೆಬಿಟ್ಟು ಹೊರಗೆ ಬರಲಾಗದವರು. ಲೆಂಪಿಗೆ ಅರವತ್ತೊಂಬತ್ತು. ಡಬ್ಬಿ ಈಸಿಕೊಳ್ಳುವವರಲ್ಲಿ ಮೂವರು ಅವಳಿಗಿಂತ ಚಿಕ್ಕವರು.

ಅವಳ ಪಿಕಪ್ ಗಾಡಿಗೆ ಇಪ್ಪತ್ತೆರಡು ವರ್ಷ. ನಮ್ಮೂರಿನ ಬೀದಿಗಳು ಗುಡ್ಡದ ತಲೆಯಿಂದ ಸೀದಾ ಸರೋವರಕ್ಕೆ ಇಳಿಯುತ್ತವೆ. ಚಳಿಗಾಲದ ಐದು ತಿಂಗಳು ಅವುಗಳ ಮೇಲೆ ಉಪ್ಪು ಸುರಿಯುತ್ತಾರೆ. ಉಪ್ಪು ಮಂಜನ್ನು ಕರಗಿಸಿದ ಮೇಲೆ ಗಾಡಿಯ ಅಡಿಭಾಗಕ್ಕೆ ಬಾಯಿ ಹಾಕುತ್ತದೆ. ಹಾಗಾಗಿ ಇಲ್ಲಿ ಬ್ರೇಕ್ ಕೆಲಸಕ್ಕೆ ಕೊನೆ ಇಲ್ಲ. ನಾನು ಅದಿರು ತುಂಬುವ ಹಡಗುಕಟ್ಟೆಯಲ್ಲಿ ಮೂವತ್ತನಾಲ್ಕು ವರ್ಷ ಯಂತ್ರ ರಿಪೇರಿ ಮಾಡಿದವನು. ನಮ್ಮ ಮನೆಯ ಯಾವ ಗಾಡಿಯೂ ಬ್ರೇಕಿಗೆಂದು ಹೊರಗಿನ ಗ್ಯಾರೇಜು ಹತ್ತಿದ್ದಿಲ್ಲ.

ಹೋದ ಅಕ್ಟೋಬರಿನಲ್ಲಿ ಲೆಂಪಿಯ ಗಾಡಿಯ ಮುಂದಿನ ಚಕ್ರಗಳನ್ನು ಅಮುಕಿ ಹಿಡಿದು ನಿಲ್ಲಿಸುವ ಎರಡೂ ಕ್ಯಾಲಿಪರ್ ಬಿಚ್ಚಿದೆ. ಪಿಸ್ಟನ್‌ಗಳು ಬಿಗಿದುಕೊಂಡಿದ್ದವು. ಗಾಳಿ ಹಾಯಿಸಿ ಹೊರಗೆ ತೆಗೆದು, ಒಳಗನ್ನು ಉಜ್ಜಿ, ಹೊಸ ರಬ್ಬರ್ ಸೀಲ್ ಕೂರಿಸಿ, ಬ್ರೇಕ್ ಆಯಿಲ್ ಸವರಿ ಮತ್ತೆ ಒಳಗೆ ತಳ್ಳಿದೆ. ಈ ಕೆಲಸ ಮೇಜಿನ ಮೇಲೆ ಆಗುವಂಥದ್ದು, ಮೊಣಕೈ ಊರಿಕೊಳ್ಳಬಹುದು. ಅದೇ ನನಗೆ ಬೇಕಾಗಿದ್ದುದು. ಅದಕ್ಕೂ ಒಂದು ವರ್ಷದ ಹಿಂದಿನಿಂದ ನನ್ನ ಬಲಗೈ ನಡುಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ.

ಕ್ಯಾಲಿಪರಿಗೆ ಎಣ್ಣೆ ತರುವ ರಬ್ಬರ್ ಹೋಸ್‌ಗಳನ್ನೂ ಬದಲಿಸಬೇಕಿತ್ತು. ಹೊಸ ಜೊತೆ ತಂದಿಟ್ಟಿದ್ದೆ. ಬಲಗಡೆಯದು ಬಿಚ್ಚಿಕೊಂಡಿತು, ಹೊಸದು ಹಾಕಿದೆ. ಎಡಗಡೆಯದು ಮೇಲಿನ ಕಬ್ಬಿಣದ ಪೈಪಿಗೆ ಸೇರುವಲ್ಲಿ ನಟ್ಟು ತುಕ್ಕು ಹಿಡಿದು ಒಂದೇ ಮುದ್ದೆಯಾಗಿತ್ತು. ಚಕ್ರದ ಗೂಡಿನೊಳಗೆ ಕೈ ಮೇಲೆತ್ತಿ ಪಾನಾ ಹಿಡಿಯಬೇಕು. ಮೂರು ಸಲ ಪಾನಾ ಜಾರಿತು, ನಟ್ಟಿನ ಮೂಲೆಗಳು ಸವೆದವು. ಇನ್ನೊಂದು ಸಲ ಜಾರಿದರೆ ಪೈಪ್ ತುಂಡಾಗುತ್ತದೆ. ಹೊಸ ಪೈಪ್ ಕತ್ತರಿಸಿ ಅದರ ಬಾಯಿ ಅರಳಿಸುವ ಕೆಲಸ ಈ ಕೈಯಲ್ಲಿ ಆಗದು. ಹಳೆಯ ಹೋಸ್ ಹೊರಗಿನಿಂದ ಚೆನ್ನಾಗಿಯೇ ಕಂಡಿತು, ಒಂದು ಬಿರುಕೂ ಇರಲಿಲ್ಲ. ಹೊಸದನ್ನು ಡಬ್ಬದಲ್ಲಿಟ್ಟು ಬಣ್ಣದ ಡಬ್ಬಿಗಳ ಹಿಂದೆ ತಳ್ಳಿದೆ. ಲೆಂಪಿ ಬಂದಾಗ, "ಎರಡೂ ಕಡೆ ಎಲ್ಲಾ ಹೊಸದು" ಎಂದೆ.

ಏಪ್ರಿಲ್ ಕೊನೆಯ ಸೋಮವಾರ ಅವಳ ಫೋನ್ ಬಂತು. "ಎಡಗಡೆ ಚಕ್ರದಿಂದ ಹೊಗೆ ಬರ್ತಾ ಇದೆ. ಗಾಡಿ ಎಡಕ್ಕೇ ಎಳೀತಿತ್ತು, ಹೇಗೋ ಫುಟ್‌ಪಾತಿನ ಕಟ್ಟೆಗೆ ಒರಗಿಸಿ ನಿಲ್ಲಿಸಿದೀನಿ. ಇನ್ನೂ ಏಳು ಡಬ್ಬಿ ಉಳಿದಿದೆ. ಬಿಸಿ ಆರೋದ್ರೊಳಗೆ ಬಾ."

ನನ್ನ ಕಾರಿನಲ್ಲಿ ಹೋದೆ. ಚಕ್ರದ ಹತ್ತಿರ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಅವಳು ಆಗಲೇ ಡಬ್ಬಿಗಳನ್ನೆಲ್ಲ ಎತ್ತಿಕೊಂಡು ನಿಂತಿದ್ದಳು. ಮೊದಲು ಊಟ ಮುಟ್ಟಿಸಿದೆವು. ಮೂರನೆಯ ಮನೆಯ ಮಿಸೆಸ್ ಓಡೆಗಾರ್ಡ್ ಬಾಗಿಲಲ್ಲಿ ನನ್ನನ್ನು ನೋಡಿ, "ಇವರು ಯಾರು?" ಎಂದರು.

"ನನ್ನ ತಮ್ಮ ಆರ್ನೆ. ನನ್ನ ಗಾಡಿಗೆ ಬ್ರೇಕ್ ಮಾಡಿದವನು. ಅದಕ್ಕೇ ಇವತ್ತು ಅವನ ಕಾರಲ್ಲಿ ಬಂದೆ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಳ್ಳದೆ ಲೆಂಪಿಯ ಕೈಯಿಂದ ತೆಗೆದುಕೊಂಡರು.

ಚಕ್ರ ತಣ್ಣಗಾದ ಮೇಲೆ ಹಿಂಬದಿ ಬೀದಿಗಳಲ್ಲಿ ನಿಧಾನವಾಗಿ ಗಾಡಿಯನ್ನು ನನ್ನ ಮನೆಗೆ ತಂದೆವು. ಮರುದಿನ ಬೆಳಿಗ್ಗೆ ಲೆಂಪಿ ಫ್ಲಾಸ್ಕಿನಲ್ಲಿ ಕಾಫಿ, ಏಲಕ್ಕಿ ಬ್ರೆಡ್ಡು ಹಿಡಿದುಕೊಂಡು ಬಂದಳು. ಜ್ಯಾಕ್ ಕೊಟ್ಟು ಗಾಡಿ ಎತ್ತಿದೆ. ಅವಳು ಒಳಗೆ ಕೂತು ಬ್ರೇಕ್ ಒತ್ತಿ, ಕಾಲು ತೆಗೆದಳು. ಎಡಗಡೆಯ ಚಕ್ರ ಎರಡು ಕೈಯಿಂದ ತಳ್ಳಿದರೂ ಅಲುಗಲಿಲ್ಲ. ಕ್ಯಾಲಿಪರಿನ ಗಾಳಿ ತೆಗೆಯುವ ತಿರುಪನ್ನು ಕಾಲು ಸುತ್ತು ಸಡಿಲಿಸಿದೆ. ಎಣ್ಣೆ ಚಿಮ್ಮಿತು, ಚಕ್ರ ಸಲೀಸಾಗಿ ತಿರುಗಿತು.

ಲೆಂಪಿ ಇಳಿದು ಬಂದು ನೋಡಿದಳು. ಇಪ್ಪತ್ತಾರು ವರ್ಷ ಶಾಲಾ ಬಸ್ಸು ಓಡಿಸಿದವಳಿಗೆ ಇಷ್ಟು ತಿಳಿಯದೆ ಇರುತ್ತದೆಯೇ.

"ಪಿಸ್ಟನ್ ಚೆನ್ನಾಗಿದೆ ಹಾಗಾದ್ರೆ," ಎಂದಳು. "ಒಳಗೆ ಹೋದ ಎಣ್ಣೆ ವಾಪಸ್ ಬರ್ತಾ ಇಲ್ಲ. ಹೋಸ್ ಒಳಗೊಳಗೇ ಊದಿಕೊಂಡಿದೆ."

"ಹ್ಞೂಂ."

"ಆರು ತಿಂಗಳಿಗೇ ಊದಿಕೊಳ್ಳುತ್ತಾ ಹೊಸ ಹೋಸು?"

ನಾನು ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದೆ. "ಅದು ಹೊಸದಲ್ಲ," ಎಂದೆ. "ಎಡಗಡೆದು ನಾನು ಬದಲಾಯಿಸಲೇ ಇಲ್ಲ."

ನಟ್ಟಿನ ವಿಷಯ ಹೇಳಿದೆ. ಅಷ್ಟಕ್ಕೆ ನಿಲ್ಲಿಸೋಣವೆಂದುಕೊಂಡಿದ್ದೆ, ಆದರೆ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಪಾನಾ ಎತ್ತಿ ಹಿಡಿದು ತೋರಿಸಿದೆ. ಅದರ ತುದಿ ಗಾಳಿಯಲ್ಲಿ ಕುಣಿಯಿತು.

"ನೀನು ಕಾಫಿ ಲೋಟಾನ ಎರಡೂ ಕೈಲಿ ಹಿಡಿಯೋಕೆ ಶುರು ಮಾಡಿ ವರ್ಷದ ಮೇಲಾಯ್ತು," ಎಂದಳು. "ನಾನು ಚಳಿಗೆ ಅಂದ್ಕೊಂಡಿದ್ದೆ."

"ನಾನೂ ಹಾಗೇ ಅಂದ್ಕೊಳ್ಳೋಕೆ ನೋಡ್ದೆ."

"ಕೈ ನಡುಗಿದ್ರೆ ನಿನ್ನ ತಪ್ಪಲ್ಲ ಕಣೋ. ಹೊಸದು ಹಾಕಿದೀನಿ ಅಂದಿದ್ದು ತಪ್ಪು. ನಿನ್ನೆ ಆ ಇಳಿಜಾರಿನ ಕೊನೇಲಿ ಒಬ್ಬಳು ಕೂಸಿನ ಗಾಡಿ ತಳ್ಳಿಕೊಂಡು ರಸ್ತೆ ದಾಟ್ತಾ ಇದ್ಲು. ಅವಳು ನನ್ನ ಬಲಗಡೆ ಇದ್ದಳು, ಅದಕ್ಕೆ ಬಚಾವು."

ಇದನ್ನು ಅವಳು ದನಿ ಏರಿಸದೆ ಹೇಳಿದಳು. ಆಮೇಲೆ ಮನೆಯೊಳಗೆ ಹೋದಳು. ಹೊರಟೇ ಹೋದಳೆಂದುಕೊಂಡೆ. ರಸ್ತೆ ದಾಟುತ್ತಿದ್ದ ಆ ಹೆಂಗಸು ನನ್ನ ತಲೆಯಿಂದ ಹೋಗಲಿಲ್ಲ. ನಾನು ನೋಡದಿದ್ದರೂ ಆ ಕೂಸಿನ ಗಾಡಿಯ ಚಕ್ರಗಳು ಕಣ್ಣಿಗೆ ಕಟ್ಟಿದವು. ಹತ್ತು ನಿಮಿಷ ಬಿಟ್ಟು ಲೆಂಪಿ ನನ್ನ ಹಡಗುಕಟ್ಟೆಯ ಹಳೆಯ ನೀಲಿ ಅಂಗಿ ಹಾಕಿಕೊಂಡು, ತೋಳು ಎರಡು ಮಡಿಕೆ ಮಡಚಿ ಬಂದಳು.

"ಎಲ್ಲಿದೆ ಆ ನಟ್ಟು?"

ತಂತಿ ಬ್ರಷ್ಷಿನಿಂದ ಉಜ್ಜಿದಳು, ತುಕ್ಕು ಬಿಡಿಸುವ ಎಣ್ಣೆ ಹೊಯ್ದಳು, ನಾನು ಹೇಳಿದಂತೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಳು. ಪಾನಾ ಹಾಕಿ ಎಳೆದಳು. ನಟ್ಟು ತಿರುಗಿತು, ಅದರ ಜೊತೆ ಪೈಪೂ ತಿರುಚಿಕೊಂಡು ಮುರಿಯಿತು. ಎಣ್ಣೆ ಅವಳ ಮೊಣಕೈವರೆಗೆ ಸುರಿಯಿತು.

"ಇದಕ್ಕೇ ನೀನು ಹೆದರಿದ್ದಾ?"

"ಇದಕ್ಕೇ."

"ಸರಿ, ಮುರಿದಾಯ್ತು. ಇನ್ನು ಹೆದರೋದು ಏನೂ ಉಳಿದಿಲ್ಲ. ಮುಂದೇನು ಹೇಳು."

ಮುಂದಿನದೇ ನಿಜವಾದ ಕೆಲಸ. ತುಕ್ಕು ಹಿಡಿಯದ ಜಾಗದ ತನಕ ಹಳೆಯ ಪೈಪ್ ಕತ್ತರಿಸಿ, ಹೊಸ ತುಂಡು ಬಗ್ಗಿಸಿ, ಎರಡರ ಬಾಯನ್ನೂ ತಿರುಪಿನ ಸಾಧನದಿಂದ ಅರಳಿಸಿ ಜೋಡಿಸಬೇಕು. ಬಾಯಿ ಒಂದಿಷ್ಟು ಸೊಟ್ಟಗಾದರೂ ಎಣ್ಣೆ ಸೋರುತ್ತದೆ. ಅವಳ ಮೊದಲನೆಯದು ಸೊಟ್ಟಗಾಯಿತು. ಎರಡನೆಯದು ಸೀಳಿತು.

"ಅವಸರ ಮಾಡ್ಬೇಡ. ಕಾಲು ಸುತ್ತು, ಒಂಚೂರು ಬಿಡು, ಮತ್ತೆ ಕಾಲು ಸುತ್ತು," ಎಂದೆ.

"ಅಪ್ಪನ ಥರಾನೇ ಮಾತಾಡ್ತೀಯ. ಅವರು ಇದನ್ನ ನಿನಗೆ ಕಲಿಸಿದ್ರು. ನನ್ನ ಕೈಗೆ ಲಾಟೀನು ಕೊಟ್ಟು ನಿಲ್ಲಿಸ್ತಿದ್ರು."

"ನೀನು ಚೆನ್ನಾಗಿ ಹಿಡೀತಿದ್ದೆ."

"ಬಾಯಿ ಮುಚ್ಚು. ಕಾಲು ಸುತ್ತು ಎಣಿಸ್ತಾ ಇದೀನಿ."

ಐದನೆಯದು ಸರಿಯಾಯಿತು. ಬೆರಳ ತುದಿ ಆಡಿಸಿ ನೋಡಿದೆ; ಎಲ್ಲ ಕಡೆ ಒಂದೇ ಸಮ. ಇಪ್ಪತ್ತು ವರ್ಷದ ಹಿಂದೆ ನಾನು ಮಾಡುತ್ತಿದ್ದಷ್ಟೇ ಚೆನ್ನಾಗಿತ್ತು. ಹಾಗೆಂದು ಅವಳಿಗೆ ಹೇಳಿದೆ. ಅವಳು ಅದನ್ನು ಇನ್ನೊಂದು ಸಲ ಹೇಳಿಸಿಕೊಂಡಳು.

ಹೋಸ್ ಹಾಕುವ ಹೊತ್ತಿಗೆ ಗುರುವಾರವಾಯಿತು. ನಡುವಿನ ಎರಡು ದಿನವೂ ಅವಳು ನನ್ನ ಕಾರಿನಲ್ಲಿ ಊಟ ಹಂಚಿದಳು. ನಾನು ಆ ಹಳೆಯ ಹೋಸನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ ನೋಡಿದೆ. ಹೊರಮೈ ನುಣುಪು, ಒಳಗಿನ ದಾರಿ ಸೂಜಿ ತೂರುವಷ್ಟು. ಆರು ತಿಂಗಳು ಅವಳು ಅದನ್ನು ನಂಬಿ ಗುಡ್ಡ ಇಳಿದಿದ್ದಳು.

ಹೊಸ ಹೋಸಿನ ಕೆಳತುದಿಗೆ ಎರಡು ತಾಮ್ರದ ವಾಷರ್ ಹಾಕಿ ಲೆಂಪಿಯೇ ಬಿಗಿದಳು. ಎಣ್ಣೆಯೊಳಗೆ ಸೇರಿದ ಗಾಳಿ ತೆಗೆಯಲು ನಾನು ಸೀಟಿನಲ್ಲಿ ಕೂತೆ, ಅವಳು ಚಕ್ರದ ಬಳಿ ಮಲಗಿದಳು.

"ಒತ್ತು."

"ಒತ್ತಿದೆ."

"ಹಿಡ್ಕೋ. ಬಿಡ್ಬೇಡ... ಈಗ ಬಿಡು."

ಅದು ಎಷ್ಟು ಸಲ ಆಯಿತೋ. ಕೊನೆಗೆ ಕಾಲಡಿಯ ಪೆಡಲ್ ಗಟ್ಟಿಯಾಗಿ ನಿಂತಿತು. ಜೋಡಿಸಿದ ಕಡೆಯೆಲ್ಲ ಅವಳು ಕಾಗದ ಒತ್ತಿ ನೋಡಿದಳು. ಒಂದು ಕಲೆಯೂ ಬೀಳಲಿಲ್ಲ.

ಮೊದಲು ಸಮತಟ್ಟು ರಸ್ತೆಯಲ್ಲಿ ಓಡಿಸಿದಳು, ಆಮೇಲೆ ಇಳಿಜಾರಿಗೆ ತಿರುಗಿಸಿದಳು. ಎದುರಿಗೆ ಸರೋವರದ ಮೇಲೆ ಇನ್ನೂ ಒಡೆದ ಮಂಜುಗಡ್ಡೆ ತೇಲುತ್ತಿತ್ತು. ಅವಳು ಸ್ಟೀರಿಂಗಿನಿಂದ ಕೈ ಸಡಿಲಿಸಿ ಬ್ರೇಕ್ ಒತ್ತಿದಳು. ಗಾಡಿ ಎತ್ತಲೂ ಎಳೆಯದೆ ನೇರ ನಿಂತಿತು. ಕೆಳಗಿನ ತಿರುವಿನಲ್ಲಿ ಇಳಿದು ಎರಡೂ ಚಕ್ರದ ಬಳಿ ಅಂಗೈ ಹಿಡಿದು ನೋಡಿದಳು.

"ಎರಡೂ ಒಂದೇ ಬಿಸಿ," ಎಂದಳು. ಹತ್ತಿ ಕೂತು ಗಾಡಿ ಹೊರಡಿಸಲಿಲ್ಲ. "ಸೋಮವಾರ ಡಾಕ್ಟರ ಹತ್ರ ಹೋಗ್ತಾ ಇದೀವಿ. ನಿನ್ನೆನೇ ಫೋನ್ ಮಾಡಿ ಟೈಮ್ ತಗೊಂಡಿದೀನಿ."

"ನನ್ನನ್ನ ಕೇಳ್ಲಿಲ್ಲ."

"ಕೇಳಿದ್ರೆ ನೀನು ಎಲ್ಲಾ ಸರಿಯಾಗಿದೆ ಅಂತಿದ್ದೆ."

ಸೋಮವಾರ ಬೆಳಿಗ್ಗೆ ಅವಳ ಗಾಡಿಯಲ್ಲೇ ಹೋದೆವು.

ನಾನು ಒಳಗೊಳಗೇ ಹೆದರಿದ್ದ ದೊಡ್ಡ ಕಾಯಿಲೆ ಅದಲ್ಲ ಎಂದು ಡಾಕ್ಟರು ಹೇಳಿದರು. ವಯಸ್ಸಿನ ಜೊತೆ ಬರುವ ನಡುಕ, ಮನೆತನದಲ್ಲಿ ಹರಿದು ಬರುವಂಥದ್ದು. ಅವರು ಕೊಟ್ಟ ಮಾತ್ರೆಯಿಂದ ಈಗ ಅರ್ಧದಷ್ಟು ಕಡಿಮೆಯಾಗಿದೆ. ಅಪ್ಪ ಕೊನೆಯ ವರ್ಷಗಳಲ್ಲಿ ಯಾಕೆ ನಮ್ಮೆದುರು ಸೂಪ್ ಕುಡಿಯುತ್ತಿರಲಿಲ್ಲವೆಂಬುದು ಆ ದಿನ ಇಬ್ಬರಿಗೂ ಒಟ್ಟಿಗೆ ಹೊಳೆಯಿತು. ಲೆಂಪಿ ಪಾರ್ಕಿಂಗಿನಲ್ಲಿ ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಗಡಿಯಾರ ನೋಡಿ, ಹನ್ನೊಂದಾಗುತ್ತಾ ಬಂತು, ಚರ್ಚಿನಲ್ಲಿ ಕಾಯುತ್ತಿರುತ್ತಾರೆ ಎಂದು ಗಾಡಿ ಶುರು ಮಾಡಿದಳು. ನಾನೂ ಜೊತೆಗೇ ಹೋದೆ.