ಮೂವತ್ತಾರನೇ ಮಹಡಿಯ ತೂಗಾಟ

ಮೂವತ್ತಾರನೇ ಮಹಡಿಯಲ್ಲಿದ್ದ ಮಗಳ ಹೊಸ ಮನೆಗೆ ಬಂದ ಮೂರನೇ ತಿಂಗಳು, ಮಧ್ಯಾಹ್ನ ಊಟಕ್ಕೆ ಕೂತ ಅಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಬಿಟ್ಟು, "ಕಟ್ಟಡ ತೂಗ್ತಿದೆ ಕಣೇ," ಎಂದರು.

ಮಗಳಿಗೆ ನಗು ಬಂತು. ನಲವತ್ತೆರಡು ಮಹಡಿಯ ಆ ಕಟ್ಟಡ ಗಾಳಿಗೆ ಎಷ್ಟು ಬಾಗಬಹುದು ಎಂದು ಲೆಕ್ಕ ಹಾಕಿದ ಎಂಜಿನಿಯರ್ ಅವಳೇ.

"ಅಲ್ಲಾಡುತ್ತೆ ಅಪ್ಪ, ಆದ್ರೆ ಇಷ್ಟು ಗಾಳಿಗೆ ಮನುಷ್ಯರಿಗೆ ಗೊತ್ತಾಗಲ್ಲ. ನಿಮಗೆ ತಲೆ ತಿರುಗ್ತಿದೆ."

"ನಲವತ್ತು ವರ್ಷ ಗೋಡೆ ಕಟ್ತಾ ಸಾರವೆ ಮೇಲೆ ನಿಂತ ತಲೆ ಇದು. ತಿರುಗೋ ಹಾಗಿದ್ರೆ ನೀನು ಹುಟ್ತಾನೇ ಇರ್ಲಿಲ್ಲ!"

ಅಪ್ಪ ಗಾರೆ ಮೇಸ್ತ್ರಿ. ಗೋಡೆ ಒಂದು ನೂಲು ವಾಲಿದರೂ ಬರಿಗಣ್ಣಿನಲ್ಲೇ ಹಿಡಿಯುತ್ತಿದ್ದವರು. ಆದರೂ ಮಗಳು ಪಟ್ಟು ಬಿಡಲಿಲ್ಲ. ಕಿವಿಯ ಡಾಕ್ಟರಾಯಿತು, ನರದ ಡಾಕ್ಟರಾಯಿತು. ವಯಸ್ಸಿನ ತಲೆಸುತ್ತು ಎಂದು ಇಬ್ಬರೂ ಮಾತ್ರೆ ಬರೆದರು. ಅಪ್ಪ ಮೊದಮೊದಲು ವಾದಿಸಿದರು, ಆಮೇಲೆ "ನಿಂಗೇನೂ ಅನ್ನಿಸ್ಲಿಲ್ವಾ?" ಎಂದು ಕೇಳುತ್ತಿದ್ದರು, ಕೊನೆಗೆ ತಾವೇ ಮಾತ್ರೆ ಕೇಳಿ ನುಂಗುವಂತಾದರು. ಗೋಡೆ ಹಿಡಿದು ನಡೆಯತೊಡಗಿದರು. ಗಾರೆ ಕೆಲಸದ ಕರಣೆ, ರಸಮಟ್ಟಗಳನ್ನು ಹಳೆಯ ಜೊತೆಗಾರನಿಗೆ ಕೊಟ್ಟುಬಿಟ್ಟರು. ಕೆಳಗೆ ಕಾಂಪೌಂಡ್ ಕಟ್ಟುತ್ತಿದ್ದವರು ಒಂದು ದಿನ, "ಮೇಸ್ತ್ರಿಗಳೇ, ನೆಟ್ಟಗಿದೆಯಾ ನೋಡಿ," ಎಂದು ಕರೆದಾಗ, "ನನ್ನ ಕಣ್ಣು ನಂಬಬೇಡ್ರಪ್ಪಾ," ಎಂದು ಲಿಫ್ಟಿನತ್ತ ತಿರುಗಿದರು.

ವರ್ಷ ಕಳೆಯುವಷ್ಟರಲ್ಲಿ ಮೇಲಿನ ಮಹಡಿಗಳ ಏಳು ಮನೆಗಳಿಂದ ದೂರು ಬಂತು. ಮಗಳ ಕಚೇರಿಯವರು ತಾರಸಿಯ ಮೇಲೆ ಅಳೆಯುವ ಯಂತ್ರವಿಟ್ಟರು. ಹದಿನೈದನೇ ದಿನ ವರದಿ ಮಗಳ ಮೇಜಿಗೆ ಬಂತು. ಬೀಳುವ ಅಪಾಯವಿಲ್ಲ. ಆದರೆ ಪಶ್ಚಿಮದ ಗಾಳಿ ಬೀಸಿದಾಗಲೆಲ್ಲ, ಕೂತವರಿಗೂ ತಿಳಿಯುವಷ್ಟು ತೂಗಾಟವಿದೆ.

ಅವಳು ಹಳೆಯ ಕಡತ ತೆಗೆದಳು. ಕಟ್ಟುವ ಮೊದಲು, ಯಂತ್ರದಿಂದ ಗಾಳಿ ಬೀಸಿ ನೋಡುವ ಗಾಳಿ ಸುರಂಗದ ಪರೀಕ್ಷೆಗೆ ದುಂಡು ಹಲಗೆಯ ಮೇಲೆ ಕಟ್ಟಡದ ಪುಟ್ಟ ಮಾದರಿಯನ್ನೂ ಸುತ್ತಲಿನ ಕಟ್ಟಡಗಳ ಮಾದರಿಗಳನ್ನೂ ನಿಲ್ಲಿಸಿದ್ದರು. ಪಶ್ಚಿಮಕ್ಕೆ ಗಾಳಿಗೆ ಅಡ್ಡವಾಗಿ ಇಪ್ಪತ್ತು ಮಹಡಿಯ ಎರಡು ಹಳೆಯ ಕಚೇರಿ ಕಟ್ಟಡಗಳು. ಅವನ್ನು ತೆಗೆದು ಇನ್ನೊಮ್ಮೆ ಪರೀಕ್ಷಿಸಬೇಕೇ ಎಂಬ ಪ್ರಶ್ನೆಯ ಎದುರು, ಅವಳದೇ ಅಕ್ಷರ: 'ಸದ್ಯಕ್ಕೆ ಬೇಡ.'

ನಿಜದ ಆ ಎರಡು ಕಟ್ಟಡಗಳನ್ನು ಕೆಡವಿದ್ದು ಅವರು ಮನೆಗೆ ಬಂದ ಎರಡನೇ ತಿಂಗಳು. ಕಿಟಕಿಗೆ ಆಕಾಶ ಬಂತೆಂದು ಅವಳೇ ಖುಷಿಪಟ್ಟಿದ್ದಳು.

ಸಂಜೆ ಅಪ್ಪನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. "ಅಪ್ಪ, ನೀವು ಹೇಳಿದ್ದೇ ಸರಿ. ಕಟ್ಟಡ ತೂಗ್ತಿದೆ. ತಪ್ಪು ನಂದು."

ಅಪ್ಪ ಗಾಬರಿಯಾದರು. "ಆಫೀಸಲ್ಲಿ ಯಾರಾದ್ರೂ ಏನಾದ್ರೂ ಅಂದ್ರಾ?"

"ಇಲ್ಲ ಅಪ್ಪ, ಯಂತ್ರ ಅಳೆದಿದೆ. ನೋಡಿ."

ಅಪ್ಪ ಕಾಗದ ನೋಡಿದ ಹಾಗೆ ಮಾಡಿ, ನಾಲ್ಕು ಮಡಿಕೆ ಮಾಡಿ ಅವಳ ಕೈಗೇ ಇಟ್ಟರು. "ಯಂತ್ರ ಕೆಟ್ಟಿರುತ್ತೆ, ಇನ್ನೊಂದ್ಸಲ ನೋಡು. ನನ್ನ ಸಮಾಧಾನಕ್ಕೆ ನಿನ್ನ ಹೆಸರು ಕೆಡಿಸ್ಕೋಬೇಡ. ಇಬ್ರು ಡಾಕ್ಟ್ರು ಸುಳ್ಳು ಹೇಳ್ತಾರಾ?"

"ಕಟ್ಟಡ ತೂಗಲ್ಲ ಅಂತ ಡಾಕ್ಟ್ರಿಗೆ ಹೇಳಿದ್ದೇ ನಾನಲ್ವಾ ಅಪ್ಪ!"

ಅಪ್ಪ ಅವಳ ತಲೆ ಸವರಿದರು. ಅಷ್ಟರಲ್ಲಿ ಪಶ್ಚಿಮದ ಗಾಳಿ ಜೋರಾಯಿತು. ನೆಲ ಮೆಲ್ಲಗೆ ಅತ್ತ ಹೋಗಿ ಇತ್ತ ಬಂದದ್ದು ಈ ಸಲ ಅವಳಿಗೂ ತಿಳಿಯಿತು. ತಲೆಯೆತ್ತಿ ನೋಡಿದರೆ ಅಪ್ಪ ಕಣ್ಣು ಮುಚ್ಚಿ, ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದಿದ್ದರು.

"ನೋಡು, ಮತ್ತೆ ಶುರುವಾಯ್ತು ನಂಗೆ," ಎಂದರು. "ಮಾತ್ರೆ ತಗೊಂಡು ಬಾ ಮಗಳೇ."