ಪೀಸಿನಲ್ಲಿ ದೋಷವಿಲ್ಲ

"ಅಜ್ಜಿ, ಅವರಿಗೆ ಹೇಳ್ರಿ, ಪೀಸಲ್ಲಿ ಏನೂ ದೋಷ ಇಲ್ಲ," ಎಂದು ರೇವಂತ್ ಗಾಜಿನ ಕೌಂಟರಿನ ಮೇಲಿದ್ದ ಪೆಟ್ಟಿಗೆಯನ್ನು ಓಬವ್ವನ ಕಡೆಗೆ ಸರಿಸಿದ.

ಓಬವ್ವ ಅದನ್ನು ಮುಟ್ಟಲಿಲ್ಲ. ಅವಳ ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರದಲ್ಲಿ ಚೈತ್ರಾ ನಿಂತಿದ್ದಳು. ಮಡಚಿದ ಬಿಳಿ ಕೋಲು ಕಂಕುಳಲ್ಲಿತ್ತು, ಲ್ಯಾಪ್‌ಟಾಪಿನ ಚೀಲ ಬೆನ್ನ ಮೇಲಿತ್ತು.

"ನಾನು ಇಲ್ಲೇ ಇದೀನಲ್ರಿ. ನನಗೇ ಹೇಳ್ರಿ," ಎಂದಳು ಚೈತ್ರಾ.

"ಮೇಡಂ. ಪೀಸ್. ಚೆನ್ನಾಗೈತೆ." ರೇವಂತ್ ಒಂದೊಂದೇ ಮಾತನ್ನು ಬಿಡಿಸಿ, ದನಿ ಏರಿಸಿ ಹೇಳಿದ.

"ಕೂಗಬ್ಯಾಡ್ರಿ. ಕಿವಿ ನೆಟ್ಟಗದಾವೆ. ಕಿವಿಯಿಂದಾನೇ ನಾ ದುಡಿಯೋದು."

ಕೌಂಟರಿನ ಆ ತುದಿಯಲ್ಲಿ ಭಜನಾ ಮಂಡಳಿಗೆಂದು ಸ್ಪೀಕರ್ ನೋಡುತ್ತಿದ್ದ ಇಬ್ಬರು ಹಿರಿಯರು ತಿರುಗಿ ನೋಡಿದರು. ದಾವಣಗೆರೆ ಮಂಡಿಪೇಟೆಯ ಆ ಸಣ್ಣ ಅಂಗಡಿಯಲ್ಲಿ ಮೆಲ್ಲಗೆ ಆಡಿದ ಮಾತೂ ಎಲ್ಲರಿಗೂ ಕೇಳುತ್ತಿತ್ತು.

ಹದಿನೈದು ದಿನದ ಹಿಂದೆ ಇದೇ ಅಂಗಡಿಯಲ್ಲಿ ಚೈತ್ರಾ ಲ್ಯಾಪ್‌ಟಾಪ್ ಆರಿಸಿದ್ದಳು. ಮೊದಲು ರೇವಂತ್ ತೆಳ್ಳನೆಯದೊಂದನ್ನು ಕೈಗಿಟ್ಟು, ಪೇಪರಿನಷ್ಟು ಹಗುರ ಎಂದಿದ್ದ. ಅವಳು ನಾಲ್ಕೂ ಅಂಚುಗಳನ್ನು ಬೆರಳಿನಿಂದ ಸವರಿ, ಇಯರ್‌ಫೋನ್ ಸಿಕ್ಕಿಸುವ ದುಂಡನೆಯ ತೂತು ಇಲ್ಲವೆಂದು ಹಿಂದಕ್ಕೆ ಕೊಟ್ಟಳು. ಈಗ ತೂತು ಯಾರಿಗೆ ಬೇಕು, ಎಲ್ಲಾ ಬ್ಲೂಟೂತ್ ಎಂದು ಅವನು ನಕ್ಕ. ಅವಳು ಸಮಾಧಾನದಿಂದ ವಿವರಿಸಿದಳು. ತೆರೆಯ ಮೇಲಿರುವುದನ್ನು ಕಂಪ್ಯೂಟರೇ ಅವಳಿಗೆ ಓದಿ ಹೇಳುತ್ತದೆ. ಆ ದನಿ ಎಡಗಿವಿಗೆ ಕಂಪ್ಯೂಟರಿನಿಂದ ನೇರವಾಗಿ ಬರಬೇಕು. ಮೈಕಿನಲ್ಲಿ ಓದುವ ಅವಳದೇ ದನಿ ಬಲಗಿವಿಗೆ ಇಂಟರ್‌ಫೇಸಿನಿಂದ ಬರಬೇಕು. ಎರಡಕ್ಕೂ ಒಂದೇ ದಾರಿಯಾದರೆ ಅವಳು ಓದುವ ಕಥೆಯ ನಡುವೆ ಯಂತ್ರದ ದನಿಯೂ ಸೇರಿ ರೆಕಾರ್ಡ್ ಆಗಿಬಿಡುತ್ತದೆ. ರೇವಂತ್ "ಹೂಂ, ಹೂಂ" ಎನ್ನುತ್ತ ಫೋನ್ ನೋಡುತ್ತಿದ್ದ. ಬೆರಳು ಗಾಜಿನ ಮೇಲೆ ಟಪಟಪ ಬೀಳುವುದು ಅವಳಿಗೆ ಕೇಳಿಸಿತ್ತು. ಕೊನೆಗೆ ಅವಳು ಕೊಂಡದ್ದು ಇಟ್ಟಿಗೆಯಂತೆ ದಪ್ಪಗಿದ್ದ ಹಳೆಯ ಮಾದರಿ.

ಇಂಟರ್‌ಫೇಸ್ ಎಂದರೆ ಮೈಕಿಗೂ ಕಂಪ್ಯೂಟರಿಗೂ ನಡುವೆ ಕೂರುವ ಅಂಗೈಯಗಲದ ಪೆಟ್ಟಿಗೆ. ಅವಳು ವಿಚಾರಿಸಿ ಗೊತ್ತುಮಾಡಿಕೊಂಡಿದ್ದ ಮಾದರಿ ಆ ದಿನ ಅಂಗಡಿಯಲ್ಲಿರಲಿಲ್ಲ. ದನಿ ಏರಿಸಿ ಇಳಿಸಲು ತಿರುಗಿಸುವ ನಾಬು ಇರಲೇಬೇಕೆಂದು ಮೂರು ಸಲ ಹೇಳಿ, ಅದೇ ಹೆಸರನ್ನು ಬಿಲ್ಲಿಗೆ ಹಾಕಿಸಿ ಹಣ ಕೊಟ್ಟು ಬಂದಿದ್ದಳು. ಹೋದ ಸೋಮವಾರ ರೇವಂತ್ ಪೆಟ್ಟಿಗೆಯನ್ನು ಹರಿಹರದ ಬಸ್ಸಿಗೆ ಹಾಕಿ ಫೋನ್ ಮಾಡಿದ. "ನೀವು ಹೇಳಿದ್ದಕ್ಕಿಂತ ಒಳ್ಳೇದು ಕಳ್ಸೀನಿ ಮೇಡಂ, ಲೇಟೆಸ್ಟು. ಎಲ್ಲಾದಕ್ಕೂ ಹೊಂದ್ತೈತೆ."

ಬಿಚ್ಚಿ ನೋಡಿದರೆ ಅದರ ಮುಖವೆಲ್ಲ ಒಂದೇ ಗಾಜು. ಬೆರಳಿಗೆ ಒಂದು ಗೀರೂ ಸಿಗಲಿಲ್ಲ. ಏನು ಮಾಡಬೇಕಾದರೂ ಗಾಜಿನ ಮೇಲೆ ಮೂಡುವ ಚಿತ್ರವನ್ನು ಮುಟ್ಟಬೇಕು, ಇಲ್ಲವೇ ಕಂಪ್ಯೂಟರಿನಲ್ಲಿ ಅದರದೇ ಸಾಫ್ಟ್‌ವೇರ್ ತೆರೆಯಬೇಕು. ತೆರೆದಾಗ ಎಡಗಿವಿಯಲ್ಲಿ ಯಂತ್ರ ಓದಿದ್ದು ಇಷ್ಟೇ: "ಬಟನ್. ಬಟನ್. ಬಟನ್. ಬಟನ್." ಮಾಡಿದವರು ಯಾವ ಗುಂಡಿಗೂ ಹೆಸರಿಟ್ಟಿರಲಿಲ್ಲ. ಮೂರು ದಿನ ಅವಳು ಒಂದೊಂದನ್ನೇ ಒತ್ತಿ, ಏನಾಗುತ್ತದೆಂದು ಕಿವಿಗೊಟ್ಟು ಲೆಕ್ಕ ಹಿಡಿದಳು. ನಾಲ್ಕನೆಯ ದಿನ ಹದಿನೇಳನೆಯ ಬಟನ್ ಒತ್ತಿದಾಗ ಕಿವಿಯಲ್ಲಿ ಸಿಡಿಲು ಬಡಿದಂತಾಗಿ ಇಯರ್‌ಫೋನ್ ಕಿತ್ತು ಗೋಡೆಗೆ ಎಸೆದಳು. ರೊಟ್ಟಿ ಬಡಿಯುತ್ತಿದ್ದ ಓಬವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದು, "ನಾಳೆ ದಾವಣಗೆರೆಗೆ ಹೋಗಾಣ," ಎಂದಳು. ಓಬವ್ವ ಚೈತ್ರಾಳ ತಾಯಿಯ ಅಕ್ಕ. ಚೈತ್ರಾಳನ್ನು ಆರು ವರ್ಷದವಳಿದ್ದಾಗಿನಿಂದ ಸಾಕಿದವಳು.

ನಾಳೆ ಅಂದರೆ ಇವತ್ತು, ಶುಕ್ರವಾರ. ಶನಿವಾರ ಸಂಜೆ ಆರರೊಳಗೆ ಚೈತ್ರಾ ಮೂರು ನಿಮಿಷದ ಓದನ್ನು ಕಳಿಸಬೇಕಿತ್ತು. ಪುಸ್ತಕಗಳನ್ನು ಓದಿಸಿ ಕೇಳಿಸುವ ಕಂಪನಿಯೊಂದು ಹೊಸ ದನಿಗಳನ್ನು ಹುಡುಕುತ್ತಿತ್ತು. ಸಲಕರಣೆ ಸ್ವಂತದ್ದಿರಬೇಕು, ಮನೆಯಲ್ಲೇ ಓದಿ ಕಳಿಸಬೇಕು. ಒಪ್ಪಿದರೆ ಒಂದು ಇಡೀ ಪುಸ್ತಕ ಕೊಡುತ್ತಾರೆ. ಏಳು ವರ್ಷಗಳಿಂದ ಅವಳ ದನಿ ಬೀದಿಯಲ್ಲೇ ಇತ್ತು. ದಾವಣಗೆರೆಯ ಸ್ಟುಡಿಯೋವೊಂದರಲ್ಲಿ ಅವಳು "ಹೊಸಾ ಈರುಳ್ಳಿ" ಎಂದು ಒಂದು ಮಧ್ಯಾಹ್ನ ಹೇಳಿಬಂದದ್ದನ್ನು ಸ್ಟುಡಿಯೋದವನು ಬೆಲೆ ಬದಲಿಸಿ ಬದಲಿಸಿ ಆವರಗೆರೆಯಿಂದ ಹರಿಹರದವರೆಗೆ ಮೈಕು ಕಟ್ಟಿಕೊಂಡು ತಿರುಗುವ ಈರುಳ್ಳಿ ಆಟೋಗಳಿಗೆಲ್ಲ ಮಾರಿದ್ದ. ಕೇಳಿದರೆ, "ನಿನ್ನ ಹೆಸರೇನು ಅದರಾಗ ಬರ್ದೈತೇನವ್ವ," ಎಂದಿದ್ದ. ಆ ಕಂಪನಿಯ ಪುಸ್ತಕಗಳ ಕೊನೆಯಲ್ಲಿ ಓದಿದವರ ಹೆಸರು ಹೇಳುತ್ತಾರೆ.

"ದೋಷ ಪೀಸಲ್ಲಿ ಇಲ್ಲ ಅಂದ್ರಿ," ಎಂದಳು ಚೈತ್ರಾ. "ಹಂಗಾದ್ರ ಯಾರಲ್ಲೈತೆ?"

 ಭಜನೆಯ ಹಿರಿಯರು ಸ್ಪೀಕರಿನ ಜಾಲರಿಯನ್ನು ಬಹಳ ಗಮನವಿಟ್ಟು ನೋಡತೊಡಗಿದರು.

"ನಾ ಹಂಗಂದಿಲ್ಲ ಮೇಡಂ," ಎಂದ ರೇವಂತ್.

"ಅನ್ನೋಕೆ ಹೋಗಿ ನಿಲ್ಸಿದ್ರಿ."

"ನೋಡ್ರಿ ಅಜ್ಜಿ," ಎಂದು ಅವನು ಮತ್ತೆ ಓಬವ್ವನ ಕಡೆ ತಿರುಗಿದ. "ಮನೇಲಿ ಯಾರಾದ್ರೂ ಕಣ್ಣು ಕಾಣೋರು ಒಂದ್ಸಲ ಸೆಟ್ ಮಾಡಿಕೊಟ್ರ ಮುಗೀತು."

"ಯಪ್ಪಾ, ನಾನು ರೊಟ್ಟಿ ಬಡಿಯೋಳು," ಎಂದಳು ಓಬವ್ವ. "ನನ್ನ ಮಕ ಯಾಕ ನೋಡ್ತಿ? ನಂಗಿದು ಸುಣ್ಣದ ಡಬ್ಬಿ ಅಂದ್ರೂ ಹೌದು ಅಂತೀನಿ."

"ಕಥೆ ಅಂದ್ಮ್ಯಾಲೆ ಪಿಸುಮಾತು ಇರ್ತೈತೆ, ಜಗಳ ಇರ್ತೈತೆ," ಎಂದಳು ಚೈತ್ರಾ. "ಪಿಸುಮಾತು ಬಂದಾಗ ಏರಿಸ್ಬೇಕು, ಜಗಳಕ್ಕೆ ಇಳಿಸ್ಬೇಕು. ಒಂದೊಂದು ಸಲಕ್ಕೂ ಪಕ್ಕದ ಮನೆಯೋರ್ನ ಕರೀಲೇನು? ಇರ್ಲಿ, ನೀವೇ ಮಾಡಿ ತೋರ್ಸ್ರಿ. ಬರೀ ದನಿ ಇಳಿಸ್ರಿ, ಸಾಕು."

ಅವಳು ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಕೌಂಟರಿನ ಮೇಲಿಟ್ಟು ತೆರೆದಳು. ರೇವಂತ್ ಪೆಟ್ಟಿಗೆಯ ತಂತಿಯನ್ನು ಸಿಕ್ಕಿಸಿ ತೆರೆಯತ್ತ ಬಗ್ಗಿದವನು ಗೆದ್ದವನಂತೆ ತಲೆಯೆತ್ತಿದ.

"ಇದರ ಡಿಸ್‌ಪ್ಲೇನೇ ಹೋಗೇತೆ. ಪೂರ್ತಿ ಕಪ್ಪು. ಅದಕ್ಕೇ ಕೆಲ್ಸ ಮಾಡ್ತಿಲ್ಲ."

"ಹೋಗಿಲ್ಲ. ನಾನೇ ಆರಿಸಿಟ್ಟೀನಿ. ಬೆಳಕು ನಂಗ್ಯಾಕ ಬೇಕು, ಬ್ಯಾಟರಿ ತಿನ್ನೋಕಾ?"

"ಆನ್ ಮಾಡ್ರಿ ಮತ್ತೆ."

"ನಮ್ಮನ್ಯಾಗ ಇದು ದಿನಾ ಹಿಂಗೇ ಇರೋದು. ಹಿಂಗೇ ಮಾಡ್ರಿ. ಎಲ್ಲಾದಕ್ಕೂ ಹೊಂದ್ತೈತೆ ಅಂದ್ರಲ್ಲ." ಪೆಟ್ಟಿಗೆಯ ಗಾಜಿನ ಮುಖವನ್ನು ಅವಳು ತನ್ನ ಅಂಗೈಯಿಂದ ಮುಚ್ಚಿದಳು. ಇಯರ್‌ಫೋನಿನ ತಂತಿ ಕಿತ್ತಳು. ಯಂತ್ರದ ದನಿ ಅಂಗಡಿಗೆಲ್ಲ ಕೇಳುವಂತೆ ಹೊರಗೆ ಬಂತು.

ರೇವಂತ್ ಒಂದು ಕೀಲಿ ಒತ್ತಿದ. "ಬಟನ್," ಎಂದಿತು. ಇನ್ನೊಂದು ಒತ್ತಿದ. "ಬಟನ್." ಅವನು ತೆರೆಯನ್ನು ಹಿಂದಕ್ಕೆ ಬಾಗಿಸಿ, ಕಪ್ಪಿನಲ್ಲಿ ಏನಾದರೂ ಕಂಡೀತೇ ಎಂದು ಓರೆಯಾಗಿ ನೋಡಿದ. "ಬಟನ್. ಬಟನ್. ಬಟನ್."

"ಅದು ಬಟನ್ನು ಬಟನ್ನು ಅಂತ ಹೇಳ್ತೈತಲ್ಲೋ ತಮ್ಮ, ಒತ್ತು," ಎಂದರು ಹಿರಿಯರಲ್ಲೊಬ್ಬರು. ಇನ್ನೊಬ್ಬರು ನಕ್ಕರು. ಚೈತ್ರಾ ನಗಲಿಲ್ಲ. ಅವಳ ಕೈ ಪೆಟ್ಟಿಗೆಯ ಮೇಲೆಯೇ ಇತ್ತು.

"ಮಾರಿದ ಮಾಲು ವಾಪಸ್ ತಗಳಲ್ಲ ಅಂತ ಬಿಲ್ಲಲ್ಲೇ ಐತೆ," ಎಂದ ರೇವಂತ್. ಅವನ ಕಿವಿ ಕೆಂಪಾಗಿತ್ತು.

"ಬಿಲ್ಲಲ್ಲಿ ನಾ ಕೇಳಿದ ಮಾಲಿನ ಹೆಸರೂ ಐತೆ."

ಓಬವ್ವ ಸೊಂಟದ ಚೀಲದಿಂದ ನಾಲ್ಕು ಮಡಿಕೆಯ ಬಿಲ್ಲು ತೆಗೆದು, ರೇವಂತನಿಗೆ ಕೊಡದೆ, ನಕ್ಕಿದ್ದ ಹಿರಿಯರ ಕೈಗೆ ಕೊಟ್ಟಳು. ಅವರು ಕನ್ನಡಕ ಏರಿಸಿ ಬಿಲ್ಲಿನಲ್ಲಿದ್ದ ಹೆಸರನ್ನು ಓದಿದರು. ಆಮೇಲೆ ಪೆಟ್ಟಿಗೆಯ ಮೇಲಿನದನ್ನು ಓದಿದರು. ಮತ್ತೊಮ್ಮೆ ಬಿಲ್ಲನ್ನು ಓದಿದರು. "ಇದು ಅದಲ್ಲಲ್ಲೋ," ಎಂದರು. ಅವರು ಈಗ ನಗುತ್ತಿರಲಿಲ್ಲ.

ಒಳಗೆ ರಿಪೇರಿ ಮೇಜಿನ ಮುಂದೆ ಕೂತಿದ್ದ ಅಬ್ರಾರ್ ಇಷ್ಟು ಹೊತ್ತೂ ಬೆಸುಗೆಯ ಕಡ್ಡಿ ಹಿಡಿದೇ ಕೇಳುತ್ತಿದ್ದ. ಅವನು ಎದ್ದು, ಕಪಾಟಿನ ಹಿಂದಿನಿಂದ ಮೂರು ಪೆಟ್ಟಿಗೆಗಳನ್ನು ತಂದು ಕೌಂಟರಿನ ಮೇಲಿಟ್ಟ. "ಅಕ್ಕಾ, ನಿಮ್ಮ ಬಲಗೈ ಕಡೆ ಮೂರು ಅದಾವೆ, ಸಾಲಾಗಿ. ಬಳಸಿದ್ದವು. ನೀವು ಬರೆಸಿದ್ದು ಈಗ ಬರ್ತಿಲ್ಲ."

"ಅದನ್ನ ಅವತ್ತೇ ಹೇಳಿದ್ರ ಆಗ್ತಿತ್ತು."

"ಹೌದು," ಎಂದ ಅಬ್ರಾರ್.

ಚೈತ್ರಾ ಮೊದಲನೆಯದನ್ನು ತೆಗೆದುಕೊಂಡಳು. ಅದರ ನಾಬು ಕೊನೆಯಿಲ್ಲದೆ ಸುತ್ತುತ್ತಲೇ ಇತ್ತು; ಸೊನ್ನೆ ಎಲ್ಲಿದೆ ಎಂದು ಬೆರಳಿಗೆ ತಿಳಿಯುವಂತಿರಲಿಲ್ಲ. ಅದನ್ನು ಬದಿಗಿಟ್ಟಳು. ಎರಡನೆಯದು ಕೈಗೆ ಹಿಡಿಸಿತು, ಆದರೆ ಲ್ಯಾಪ್‌ಟಾಪಿಗೆ ಸಿಕ್ಕಿಸಿದಾಗ ಯಂತ್ರ ಸುಮ್ಮನಿತ್ತು. ಅಬ್ರಾರ್ ಎರಡು ಸಲ ತೆಗೆದು ಹಾಕಿದ. "ಇದನ್ನ ನಡೆಸೋ ಸಾಫ್ಟ್‌ವೇರು ಹಳೇದಕ್ಕ, ಹೊಸಾ ಕಂಪ್ಯೂಟರು ಒಪ್ಪಲ್ಲ," ಎಂದ. ಮೂರನೆಯದು ಕಬ್ಬಿಣದ್ದು, ಭಾರ. ಸಿಕ್ಕಿಸಿದ ಕೂಡಲೇ ಲ್ಯಾಪ್‌ಟಾಪ್ ಅದರ ಹೆಸರನ್ನು ತಾನಾಗಿಯೇ ಹೇಳಿತು. ಎರಡು ನಾಬುಗಳಿದ್ದವು, ಎರಡರ ತಲೆಯಲ್ಲೂ ಉಗುರು ಕೂರುವಂಥ ಒಂದು ಕಚ್ಚು ಇತ್ತು. ಅವಳು ಅಬ್ರಾರನ ಮೈಕನ್ನು ಕೇಳಿ ಪಡೆದು, ಒಂದು ವಾಕ್ಯವನ್ನು ಪಿಸುಗುಟ್ಟಿದಳು, ಅದನ್ನೇ ಗದರಿಸಿ ಹೇಳಿದಳು. ಅವಳ ಹೆಬ್ಬೆರಳು ನಾಬನ್ನು ತಿರುಗಿಸಿ ಮತ್ತೆ ಸ್ವಸ್ಥಾನಕ್ಕೆ ತಂದಿತು.

"ಬಣ್ಣ ಪೂರಾ ಹೋಗೇತಕ್ಕ," ಎಂದ ಅಬ್ರಾರ್. "ನಾಬೂ ಬಿಗಿ."

"ಬಿಗಿ ಇದ್ರ ಇಟ್ಟಲ್ಲೇ ಇರ್ತೈತೆ. ಬಣ್ಣ ನೀವೇ ಇಟ್ಕಳ್ರಿ."

"ತಗಂಡು ಹೋಗ್ಲಿ ಬಿಡ್ರಿ, ದುಡ್ಡು ಬ್ಯಾಡ," ಎಂದು ರೇವಂತ್ ಕೈಯಾಡಿಸಿದ. "ಪಾಪ."

"ಪಾಪ ಬ್ಯಾಡ. ಬಿಲ್ ಮಾಡ್ರಿ. ಉಳಿದದ್ದು ವಾಪಸ್ ಕೊಡ್ರಿ."

ರೇವಂತ್ ಪೆನ್ನು ತೆಗೆದ. "ಬಿಲ್ಲು ಯಾರ ಹೆಸರಿಗೆ ಅಜ್ಜಿ?"

ಓಬವ್ವ ತಿರುಗುವ ಫ್ಯಾನನ್ನು ನೋಡುತ್ತ ನಿಂತಳು. ರೇವಂತ್ ಕಾದ. ಫ್ಯಾನು ಹತ್ತು ಸುತ್ತು ಸುತ್ತಿತು, ಇಪ್ಪತ್ತು ಸುತ್ತು ಸುತ್ತಿತು. ಅವನು ಕೊನೆಗೆ ಗಂಟಲು ಸರಿಮಾಡಿಕೊಂಡು, "ಮೇಡಂ, ನಿಮ್ಮ ಹೆಸರು?" ಎಂದ.

ಶನಿವಾರ ಮಧ್ಯಾಹ್ನ ಹರಿಹರದ ತಮ್ಮ ಒಂದೇ ಕೋಣೆಯ ಮನೆಯಲ್ಲಿ ಫ್ಯಾನು ಆರಿಸಿ, ಕಿಟಕಿಗೆ ಕೌದಿ ಇಳಿಬಿಟ್ಟು ಚೈತ್ರಾ ಓದಿದಳು. ಓಬವ್ವ ಹೊರಗೆ ಹೊಸ್ತಿಲ ಮುಂದೆ ಕೂತು, ಪಕ್ಕದ ಮನೆಯ ಯಾಸ್ಮೀನಳಿಗೆ ಮಿಕ್ಸರ್ ಹಾಕಬೇಡವೆಂದು ಕೈಸನ್ನೆ ಮಾಡಿದಳು. ಮೊದಲ ಸಲ ಓದಿದಾಗ ಮೂರನೆಯ ಸಾಲಿನಲ್ಲಿ ತುಟಿಯ ಸದ್ದು ಬಂತು. ಎರಡನೆಯ ಸಲ ಉಸಿರು ಮೈಕಿಗೆ ಬಡಿಯಿತು. ಮೂರನೆಯ ಸಲಕ್ಕೆ ಬೆವರು ಕಿವಿಯ ಹಿಂದೆ ಇಳಿಯತೊಡಗಿತು. ಐದನೆಯದನ್ನು ಅವಳು ಕೊನೆಯವರೆಗೂ ಕೇಳಿ, ಮತ್ತೊಮ್ಮೆ ಕೇಳಿ, ಏನನ್ನೂ ಅಳಿಸಲಿಲ್ಲ.

ಸಂಜೆ ಐದೂವರೆಗೆ ಕಂಪನಿಯ ಪುಟ ತೆರೆದು ಹೆಸರು, ವಯಸ್ಸು, ಊರು ತುಂಬಿದಳು. ಕಡತ ಸೇರಿಸಿದಳು. ಕಳಿಸುವ ಗುಂಡಿ ಒತ್ತಿದಾಗ ಎಡಗಿವಿಯ ದನಿ ಹೇಳಿತು: "ನೀವು ಮನುಷ್ಯರೆಂದು ಖಚಿತಪಡಿಸಿ. ಬಸ್ಸುಗಳಿರುವ ಚಿತ್ರಗಳನ್ನೆಲ್ಲ ಆರಿಸಿ."

ಚಿತ್ರದ ಬದಲು ದನಿ ಕೇಳಿಸಿಕೊಂಡು ಉತ್ತರಿಸುವ ಇನ್ನೊಂದು ಗುಂಡಿ ಇತ್ತು. ಅದನ್ನು ಒತ್ತಿದಳು. "ಈಗ ಲಭ್ಯವಿಲ್ಲ." ಮತ್ತೆ ಒತ್ತಿದಳು. "ಈಗ ಲಭ್ಯವಿಲ್ಲ. " ಗಡುವು ಆರಕ್ಕೆ; ಗಂಟೆ ಕೇಳುವ ಕೀಲಿ ಒತ್ತಿದಳು. "ಸಮಯ ಐದು ಮೂವತ್ತೆಂಟು."

ಅವಳು ಬಾಗಿಲ ಕಡೆ ತಿರುಗಿದಳು.

"ದೊಡ್ಡವ್ವ," ಎಂದು ಕರೆದಳು.

ಓಬವ್ವ ಒಳಗೆ ಬಂದಳು. "ಆತಾ?"

"ಇಲ್ಲ. ಮನುಷ್ಯರು ಹೌದೋ ಅಲ್ಲೋ ತೋರ್ಸು ಅಂತೈತೆ."

"ಯಾರಿಗೆ, ನಿಂಗಾ?"

"ನಂಗೇ."

"ಕೇಳೋರು ಯಾರು?"

"ಯಂತ್ರ."

 ಓಬವ್ವ ಗೋಡೆಯ ಗೂಡಿನಿಂದ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಚೈತ್ರಾಳ ಪಕ್ಕ ಕೂತಳು. ಚೈತ್ರಾ ತೆರೆಯ ಬೆಳಕು ಹೊತ್ತಿಸಿದಳು.

"ಒಂಬತ್ತು ಮನೆ ಅದಾವೆ," ಎಂದಳು ಓಬವ್ವ, ಚೌಕಾಬಾರದ ಮುಂದೆ ಕೂತವಳಂತೆ. "ಮ್ಯಾಲಿನ ಸಾಲು, ಎಡಗಡೆ ಮನೆ, ಬಸ್ಸು."

ಚೈತ್ರಾ ಕೀಲಿ ಒತ್ತಿದಳು. "ಮುಂದ."

"ಮುಂದಿಂದು ಮರ. ಅದರ ಮುಂದ ರಸ್ತೆ, ಏನಿಲ್ಲ. ನಡು ಸಾಲು, ನಡು ಮನೆ, ಬಸ್ಸು. ನಮ್ಮ ಕಡೆ ಬಸ್ಸಲ್ಲ ಇವು." ಅವಳು ಮೂಗು ತೆರೆಗೆ ತಾಗುವಷ್ಟು ಬಗ್ಗಿದಳು. "ಕೆಳಗ ಬಲಗಡೆ ಬರೀ ಗಾಲಿ ಕಾಣ್ತೈತೆ. ಹಿಡೀಲಾ, ಬಿಡ್ಲಾ?"

"ನಿಂಗೇನು ಅನ್ನಿಸ್ತೈತೆ?"

"ಗಾಲಿ ದೊಡ್ಡದೈತೆ."

"ಹಿಡಿ ಹಂಗಾದ್ರ."

ಚೈತ್ರಾ ಒತ್ತಿದಳು.  ಎಡಗಿವಿಯ ದನಿ ಸಣ್ಣಗೆ ಏನೋ ಹೇಳಿತು. ಚೈತ್ರಾ ಇಯರ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು.

"ಹೋತು ದೊಡ್ಡವ್ವ. ತಲುಪಿತಂತೆ."

ಚಿತ್ರಗಳು ಮಾಯವಾಗಿದ್ದವು. ಓಬವ್ವನ ಬೆರಳು ಮಾತ್ರ ಇನ್ನೂ ತೆರೆಯ ಕೆಳಗಿನ ಮೂಲೆಯಲ್ಲಿ, ಆ ಗಾಲಿ ಇದ್ದ ಜಾಗದಲ್ಲೇ ಇತ್ತು.

"ಅದು ಲಾರೀದೇ ಇರ್ಬೇಕು," ಎಂದಳು.