ಕಸೆ ಅಂಗಿ

"ಕೂಸು ಮಿಸುಕವಲ್ದುರಿ ಅಕ್ಕಾರ," ಎಂದಳು ಪಾರ್ವತೆಮ್ಮ ಫೋನಿನಲ್ಲಿ.

ಹೈದರಾಬಾದಿನ ನಾಚಾರಂನ ತನ್ನ ಶೆಡ್ಡಿನಲ್ಲಿ ರಟ್ಟಿನ ಪೆಟ್ಟಿಗೆಗಳ ನಡುವೆ ನಿಂತಿದ್ದ ಪ್ರಾಜಕ್ತಾ ಕೈಯಲ್ಲಿದ್ದ ಪೆಟ್ಟಿಗೆಯನ್ನು ಕೆಳಗಿಟ್ಟಳು. ನಿನ್ನೆಯಷ್ಟೇ ಅವಳು ಪಾರ್ವತೆಮ್ಮನ ಬಸುರಿ ಸೊಸೆ ರೇಣುಕಾಗೆ ಮೊಟ್ಟಮೊದಲ ಪೆಟ್ಟಿಗೆ ಕೊಟ್ಟು ಬಂದಿದ್ದಳು.

"ಯಾವಾಗಿಂದ? ನಾ ಬಂದು ಹೋದ ಮ್ಯಾಲೇನು?"

"ಹೌದ್ರಿ," ಎಂದಳು ಪಾರ್ವತೆಮ್ಮ.

ಫಿನ್ಲೆಂಡಿನಲ್ಲಿ ಬಸುರಿಯರಿಗೆ ಸರ್ಕಾರವೇ ಒಂದು ಪೆಟ್ಟಿಗೆ ಕೊಡುತ್ತದೆ. ಅದರೊಳಗೆ ಕೂಸಿನ ಅಂಗಿ, ಟೋಪಿ, ಪುಟ್ಟ ಹಾಸಿಗೆ. ಖಾಲಿಯಾದ ಪೆಟ್ಟಿಗೆಯಲ್ಲೇ ಕೂಸನ್ನು ಮಲಗಿಸಬಹುದು. ಆದರೆ ಮೊದಲು ದವಾಖಾನೆಗೆ ಹೋಗಿ ತೋರಿಸಿಕೊಂಡವರಿಗೆ ಮಾತ್ರ ಪೆಟ್ಟಿಗೆ, ಜಾಣತನ ಇರುವುದೇ ಅಲ್ಲಿ. ಎರಡು ವರ್ಷದ ಹಿಂದೆ ಅಲ್ಲಿಗೆ ತರಬೇತಿಗೆ ಹೋಗಿದ್ದ ಪ್ರಾಜಕ್ತಾ ಆ ಜಾಣತನಕ್ಕೆ ಮರುಳಾಗಿ ಬಂದಳು. ಯಾದಗಿರಿ, ರಾಯಚೂರು ಕಡೆಯಿಂದ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಬರುವ ಹೆಂಗಸರು ನೋವು ಶುರುವಾಗುವ ತನಕ ಡಾಕ್ಟರ ಮುಖ ನೋಡುವುದಿಲ್ಲ. ಮೂರು ಸಲ ತೋರಿಸಿಕೊಂಡು ಬಂದರೆ ಏಳನೇ ತಿಂಗಳಲ್ಲಿ ಪೆಟ್ಟಿಗೆ ಎಂದು ಇವಳು ಸಾರಿದಳು. ಫಿನ್ಲೆಂಡಿನ ದಾನಿಗಳು ಒಪ್ಪಿದರು. ಅವರು ಕೇಳಿದ್ದು ಒಂದು ಫೋಟೋ ಮಾತ್ರ: ತೆರೆದ ಪೆಟ್ಟಿಗೆಯ ಪಕ್ಕದಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು ನಗುವ ಬಸುರಿ.

ನಿನ್ನೆ ರೇಣುಕಾ ನಕ್ಕಿದ್ದಳು ಕೂಡ. ಪಾರ್ವತೆಮ್ಮ ಮಾತ್ರ ತಗಡಿನ ಗುಡಿಸಲ ಹೊರಗೇ ನಿಂತು, "ಹಡದ ಮ್ಯಾಲೆ ಕೊಡ್ರೆಲ," ಎಂದಿದ್ದಳು. ಹಡೆದ ಮೇಲೆ ಕೊಡುವುದಾದರೆ ಮೊದಲು ದವಾಖಾನೆಗೆ ಯಾರು ಬರುತ್ತಾರೆ ಎಂಬುದು ಪ್ರಾಜಕ್ತಾಳ ಲೆಕ್ಕ. "ಏನೂ ಆಗೂದಿಲ್ಲ, ಸುಮ್ನಿರ್ರಿ," ಎಂದು ಪ್ರಾಜಕ್ತಾ ನಗುತ್ತ ಪೆಟ್ಟಿಗೆಯನ್ನು ಒಳಗಿಟ್ಟಿದ್ದಳು. ಈಗ ಅದೇ ಗುಡಿಸಲ ಕಡೆ ಕಾರು ಓಡಿಸುವಾಗ ಆ ನಗು ನೆನಪಾಗಿ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ರೇಣುಕಾಳ ಗಂಡ ಗುರುಶಾಂತ ಒಂಬತ್ತನೇ ಮಹಡಿಯಲ್ಲಿ ಕೆಲಸದಲ್ಲಿದ್ದ, ಫೋನು ಎತ್ತಲಿಲ್ಲ. ಅತ್ತೆ ಸೊಸೆ ಇಬ್ಬರನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಪ್ರಾಜಕ್ತಾ ಕೋಠಿಯ ಆಸ್ಪತ್ರೆಯ ಕಡೆ ಹೊರಟಳು. ರೇಣುಕಾ ಅಳುತ್ತಿರಲಿಲ್ಲ. ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು, ಬಾಗಿಲ ಹೊರಗಿನ ಸದ್ದಿಗೆ ಕಿವಿಗೊಟ್ಟವಳ ಹಾಗೆ ಕೂತಿದ್ದಳು.

ಪಾರ್ವತೆಮ್ಮ ಬೈಯಲಿಲ್ಲ. ಬೈದಿದ್ದರೆ ಪ್ರಾಜಕ್ತಾಗೆ ಉತ್ತರ ಕೊಡಲು ಬರುತ್ತಿತ್ತು.

"ಹಡಿಯೂಕಿಂತ ಮೊದ್ಲ ಕೂಸಿಗೆ ಹೊಸಾ ಅಂಗಿ ಅರಿವಿ ಮನಿಯೊಳಗ ತರಂಗಿಲ್ರಿ ನಮ್ಮಾಗ," ಎಂದಳು ಮೆಲ್ಲಗೆ. "ಮೊದಲಿನ ಬಸುರಿನಾಗ ನಾನ ಹುರುಪಿಗೆ ಬಿದ್ದು ಬೆಳ್ಳಿ ಉಡದಾರ ತಂದಿಟ್ಟಿದ್ನಿ. ಆರು ತಿಂಗಳಿಗೆ ಹೋತು. ಆ ತಪ್ಪು ನಂದು. ಇದು ಯಾರದಂತ ಅನ್ನಲಿ?"

ಮೊದಲೊಂದು ಹೋಗಿದ್ದು ಪ್ರಾಜಕ್ತಾಗೆ ಗೊತ್ತಿರಲಿಲ್ಲ.

ಉಡದಾರದಿಂದ ಯಾವ ಬಸುರೂ ಹೋಗುವುದಿಲ್ಲ ಎಂದು ಹೇಳಬಹುದಿತ್ತು. ಹಾಗೆ ಹೇಳುವ ಬಾಯಿ ಅವಳಿಗಿರಲಿಲ್ಲ. ಒಂಬತ್ತು ವರ್ಷದ ಹಿಂದೆ ಮಗಳು ಶಾಂಭವಿ ಹೊಟ್ಟೆಯಲ್ಲಿದ್ದಾಗ ಈ ಎರಡು ಡಿಗ್ರಿಯ ಹೆಂಗಸು ಇದೇ ಕೋಠಿಯಲ್ಲಿ ಮಕ್ಕಳ ಬಟ್ಟೆಯಂಗಡಿ ಕಂಡರೆ ರಸ್ತೆ ದಾಟಿ ಆಚೆ ಹೋಗುತ್ತಿದ್ದಳು. ಮೆಹದಿಪಟ್ಟಣಂನ ಮನೆಗೆ ಒಂದು ಕಾಲುಚೀಲ ಕೂಡ ಬಂದಿರಲಿಲ್ಲ. ಹುಟ್ಟಿದ ಕೂಡಲೇ ಕೂಸಿಗೆ ತೊಡಿಸಲು ಅತ್ತೆ ಸುಂದರಾಬಾಯಿ ಪಕ್ಕದ ಮನೆಯ ಸಾವಿತ್ರಿಯಿಂದ ಗುಂಡಿಯಿಲ್ಲದೆ ದಾರದಿಂದ ಕಟ್ಟುವ ಒಂದು ಹಳೆಯ ಕಸೆ ಅಂಗಿ ಇಸಿದುಕೊಂಡಿದ್ದರು. ಎಲ್ಲ ಗೊತ್ತಿತ್ತು ಅವಳಿಗೆ. ದಾನಿಗಳ ಮುಂದೆ ಪರದೆಯ ಮೇಲೆ ಚಿತ್ರ ತೋರಿಸಿ ಮಾತಾಡುವಾಗ ಇದನ್ನೆಲ್ಲ ಬಿಟ್ಟಿದ್ದಳು, ಯಾಕೆಂದರೆ ನಾಚಿಕೆಯಾಗಿತ್ತು.

ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರು ರೇಣುಕಾಳ ಹೊಟ್ಟೆಯ ಮೇಲೆ ಯಂತ್ರ ಆಡಿಸಿದಳು. ಬರೀ ಗರಗರ ಸದ್ದು. ಡಾಕ್ಟರು ಜಾಗ ಬದಲಿಸಿದಳು. ಮತ್ತೆ ಗರಗರ. ಪಾರ್ವತೆಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಪ್ರಾಜಕ್ತಾ ಗೋಡೆ ನೋಡುತ್ತ ನಿಂತಳು. ಇದೊಂದು ಉಳಿಯಲಿ, ಪೆಟ್ಟಿಗೆ, ಶೆಡ್ಡು, ದಾನಿಗಳು ಎಲ್ಲ ಹಾಳಾಗಿ ಹೋಗಲಿ ಎಂದುಕೊಂಡಳು.

ಆಮೇಲೆ ಒಂದು ಮೂಲೆಯಲ್ಲಿ ಸದ್ದು ಸಿಕ್ಕಿತು. ಅವಸರದಲ್ಲಿ ಓಡುವ ಹೆಜ್ಜೆಗಳ ಹಾಗೆ, ಬಿಡದೆ.

"ಅದು ಮಿಷಿನ್ನಿನ ಸಪ್ಪಳ ಅಲ್ಲೇನ್ರಿ?" ಎಂದಳು ಪಾರ್ವತೆಮ್ಮ, ನಂಬಲಾಗದೆ.

"ಏಮೈನಾ ತಿನ್ನಾವಾ ಅಮ್ಮಾ?" ಏನಾದರೂ ತಿಂದಿದ್ದೀಯಾ ಎಂದು ಡಾಕ್ಟರು ತೆಲುಗಿನಲ್ಲಿ ಕೇಳಿದಳು. ರೇಣುಕಾ ತಲೆಯಲ್ಲಾಡಿಸಿದಳು. ನಿನ್ನೆ ಮಧ್ಯಾಹ್ನದಿಂದ ಏನೂ ಇಲ್ಲ. ಯಾಕೆಂದು ಪ್ರಾಜಕ್ತಾ ಕೇಳಿದಳು.

"ಪೆಟಗಿ ಕಣ್ಣ ಮುಂದ ಇತ್ತರಿ," ಎಂದಳು ರೇಣುಕಾ. "ತುತ್ತು ಇಳೀಲಿಲ್ಲ. ನೀರೂ ಇಳೀಲಿಲ್ಲ."

ತಾಯಿ ಉಪವಾಸ ಇದ್ದರೆ ಕೂಸೂ ಸುಸ್ತಾಗಿ ಮಲಗುತ್ತದೆ, ಒಂದು ದಿನ ಇಲ್ಲೇ ಇಟ್ಟು ನೋಡೋಣ ಎಂದಳು ಡಾಕ್ಟರು. ಮೂರು ಸಲ ತೋರಿಸಿದ್ದ ಕಾರ್ಡನ್ನು ತಿರುವಿ, ಇದು ಇದ್ದದ್ದು ಒಳ್ಳೆಯದಾಯಿತು ಎಂದೂ ಹೇಳಿದಳು. ಹಾಲು, ಎರಡು ಇಡ್ಲಿ ಹೊಟ್ಟೆಗೆ ಹೋದ ಅರ್ಧ ಗಂಟೆಗೆ ರೇಣುಕಾ ಅತ್ತೆಯ ಕೈ ಎಳೆದು ಎಡಗಡೆಗೆ ಇಟ್ಟುಕೊಂಡಳು. ಪಾರ್ವತೆಮ್ಮ ಆಗ ಅತ್ತಳು.

ವರಾಂಡದಲ್ಲಿ ಅವಳು ಪ್ರಾಜಕ್ತಾಳ ಮೊಳಕೈ ಹಿಡಿದಳು. "ಪೆಟಗಿ ಒಯ್ದುಬಿಡ್ರಿ ಅಕ್ಕಾರ. ಕೊಡಬೇಕನ್ನಿಸಿದ್ರ ನಿಮ್ಮ ಮಗಳದು ಹಳೀ ಅಂಗಿ ಒಂದ ಕೊಡ್ರಿ. ಬದುಕಿ ಬೆಳ್ಯಾಕತ್ತ ಕೂಸಿಂದು. ಹಳೀದು ಮೊದ್ಲ ತಂದಿಟ್ರೂ ನಡೀತೈತಿ."

ಪೆಟ್ಟಿಗೆಯನ್ನು ಹೆರಿಗೆಯಾದ ಮೇಲೆ ಕೊಡಬಹುದು, ಮೂರು ಸಲ ತೋರಿಸಿಕೊಂಡವರಿಗೆ ಮೊದಲು ಒಂದು ಹಳೆ ಅಂಗಿ. ಅಷ್ಟೇ ತಾನೇ, ಎಂದುಕೊಂಡಳು ಪ್ರಾಜಕ್ತಾ. ಬದುಕಿದ ಕೂಸಿನ ಹಳೆ ಅಂಗಿ ಎಂಬುದನ್ನು ದಾನಿಗಳ ಫಾರಮ್ಮಿನ ಯಾವ ಕಾಲಮ್ಮಿನಲ್ಲಿ ತುಂಬುವುದೋ ಅದು ಬೇರೆ ಮಾತು.

ಮನೆಗೆ ಬಂದು ಕೇಳಿದಾಗ ಸುಂದರಾಬಾಯಿ ಟ್ರಂಕಿನ ತಳದಿಂದ ಆ ಕಸೆ ಅಂಗಿ ತೆಗೆದರು. ಒಗೆದು ಒಗೆದು ಹೂವಿನ ಬಣ್ಣ ಹೋಗಿತ್ತು, ಒಂದು ಕಸೆ ತುಂಡಾಗಿತ್ತು.

"ಮೊದಲ ಸಾವಿತ್ರಿ ಅವರಕ್ಕನ ಮಗ ತೊಟ್ಟಿದ್ದ, ಆಮ್ಯಾಲೆ ಸಾವಿತ್ರಿ ಮಗ, ಆಮ್ಯಾಲೆ ನಮ್ಮ ಶಾಂಭವಿ," ಎಂದರು. "ಮೂರೂ ಗಟ್ಟಿ ಅವ."

ಪ್ರಾಜಕ್ತಾ ಅಂಗಿ ಹಿಡಿದುಕೊಂಡು ನಿಂತೇ ಇದ್ದಳು. ರೇಣುಕಾಳ ಹೊಟ್ಟೆ ಒಮ್ಮೆ ಬರಿದಾಗಿದೆ. ಇನ್ನೊಮ್ಮೆ ಹಾಗಾದರೆ ಈ ಅಂಗಿ ಅಲ್ಲಿರುತ್ತದೆ, ತನ್ನ ಮಗಳ ಅಂಗಿ. ಆ ಕೇಡು ಅಂಗಿಯ ಜಾಡು ಹಿಡಿದು ಶಾಂಭವಿಯ ತನಕ ಬಂದರೆ?

"ಕೊಡಲಿಕ್ಕೆ ಅಂಜಿಕಿ ಆಗ್ತದ, ಅತ್ಯಾ."

"ಆಗ್ತದ," ಎಂದರು ಸುಂದರಾಬಾಯಿ ಟ್ರಂಕು ಮುಚ್ಚುತ್ತ. "ಸಾವಿತ್ರಿಗೂ ಆಗಿತ್ತು. ಎರಡು ಸಲ ಬಾಗಲ ತನಕಾ ಬಂದು ಹೊರಳಿ ಹೋಗಿದ್ಲು. ಮೂರನೇ ಸಲಕ್ಕ ಕೊಟ್ಲು."

ಸಂಜೆ ಆಸ್ಪತ್ರೆಯಲ್ಲಿ ಪಾರ್ವತೆಮ್ಮ ಅಂಗಿಯನ್ನು ಮೂಗಿಗೆ ಹಿಡಿದು ಮೂಸಿ, ರೇಣುಕಾಳ ತಲೆದಿಂಬಿನ ಕೆಳಗೆ ಇಟ್ಟಳು. ಪ್ರಾಜಕ್ತಾ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಮನೆಯಲ್ಲಿ ಶಾಂಭವಿ ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಹೋಂವರ್ಕ್ ಮಾಡುತ್ತಿದ್ದಳು. ಪ್ರಾಜಕ್ತಾ ಚಪ್ಪಲಿ ಬಿಟ್ಟವಳೇ ಹೋಗಿ ಅವಳ ಹಣೆ ಮುಟ್ಟಿದಳು.

"ಯಾಕಮ್ಮಾ?"

"ಏನಿಲ್ಲ. ಬರಿ ನೀ."

ಹಣೆ ತಂಪಾಗಿತ್ತು. ಹೊರಗಿಂದ ಬಂದ ತನ್ನ ಕೈಯೇ ಬಿಸಿಯಿದ್ದು ಹಾಗೆ ಅನ್ನಿಸಿರಬಹುದು ಎಂದು ಅವಳು ಬಚ್ಚಲಿಗೆ ಹೋಗಿ ತಣ್ಣೀರಲ್ಲಿ ಕೈ ತೊಳೆದು, ಒರೆಸಿಕೊಂಡು ಬಂದು, ಇನ್ನೊಮ್ಮೆ ಮುಟ್ಟಿ ನೋಡಿದಳು.